ಗುಡ್ಡದ ದಾರಿಯಲ್ಲಿ ಮನೆಯ ನಾಯಿ

ಭಾನುವಾರದ ಬೆಳಗು. ಸವದತ್ತಿಯ ಹೊರಗೆ ಪರಸಗಡದ ಹಳೆಯ ಕೋಟೆಗೆ ಏರುವ ಕಲ್ಲುದಾರಿ. ಧಾರವಾಡದಿಂದ ಸುಮಾರು 40 ಕಿಲೋಮೀಟರು ಕಾರಿನಲ್ಲಿ ಬಂದ ಒಂದು ಸಂಸಾರ ಗುಡ್ಡವನ್ನು ಹತ್ತುತ್ತಿದೆಯೆಂದು ಭಾವಿಸಿಕೊಳ್ಳಬಹುದು. ಎಲ್ಲರಿಗಿಂತ ಮುಂದೆ ಮನೆಯ ನಾಯಿ, ಅದರ ಹಿಂದೆ ಹತ್ತು ವರ್ಷದ ಮಗ, ಅವನ ಹಿಂದೆ ತಂದೆ, ಕೊನೆಯಲ್ಲಿ ಬುತ್ತಿಯ ಚೀಲ ಹಿಡಿದ ತಾಯಿ. ವಾರವಿಡೀ ಗೇಟಿನೊಳಗೆ ಬಂದಿಯಾಗಿದ್ದ ನಾಯಿಗೆ ಇಂದು ಕಂಡದ್ದೆಲ್ಲ ಹೊಸದು, ಮೂಸಿದ್ದೆಲ್ಲ ಹೊಸದು. ಹಗ್ಗ ಬಿಚ್ಚಿದ್ದಾಗಿದೆ. ಅದು ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಜಿಗಿಯುತ್ತ, ಪೊದೆಪೊದೆಗೂ ನುಗ್ಗುತ್ತ ನಡೆದಿದೆ.

"ಏನ್ರಿ, ಅದು ಕಲ್ಲಿನ ಸಂದ್ಯಾಗ ಮೂತಿ ಹಾಕಲಿಕ್ಕೆ ಹತ್ಯದ. ಸ್ವಲ್ಪ ಕರೀರಿ" ಎನ್ನುತ್ತಾರೆ ತಾಯಿ.

"ಓತಿಕ್ಯಾತ ಇದ್ದೀತು ತಗೋ. ಆಡ್ಲಿ ಬಿಡು, ಪಾಪ" ಎನ್ನುತ್ತಾರೆ ತಂದೆ.

ಅಷ್ಟರಲ್ಲಿ ಇಳಿಜಾರಿನಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಕೋಲೆತ್ತಿ ಕೂಗುತ್ತಾನೆ: "ಸಾಹೇಬ್ರ, ನಾಯೀನ ಕರಕೋರಿ! ಆ ಕಲ್ಲಾಗ ಹುಳಾ ಇರ್ತಾವ!"

ಹುಳವೆಂದರೆ ಆ ಸೀಮೆಯ ಮಾತಿನಲ್ಲಿ ಹಾವು. ಅದರ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ಹಿರಿಯರ ನಡೆನುಡಿ. ತಂದೆ ಈಗ ಗಾಬರಿಯಿಂದ ಕರೆಯುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ನಾಯಿ ಬಾಲವನ್ನು ಅಲ್ಲಾಡಿಸುತ್ತದೆಯೇ ಹೊರತು ಮೂತಿಯನ್ನು ಹೊರಗೆ ತೆಗೆಯುವುದಿಲ್ಲ. ಮನೆಗೆ ಬಂದ ಅತಿಥಿಗಳಿಗೆ ಕೈ ಕೊಡುವುದನ್ನು ಅದು ಕಲಿತಿದೆ. ಚೆಂಡು ತರುವುದನ್ನು ಕಲಿತಿದೆ. ಕರೆದ ಕೂಡಲೆ ಬರುವುದನ್ನು ಮಾತ್ರ ಯಾರೂ ಕಲಿಸಿಲ್ಲ. ನಾಯಿ ಬಾರದಿರುವುದನ್ನು ಕಂಡು ಹುಡುಗ ಅದರ ಕಡೆಗೆ ಓಡುತ್ತಾನೆ.

ಸಂದಿಯಲ್ಲಿರುವುದು ಓತಿಕ್ಯಾತವೇ ಆಗಿದ್ದರೆ ಎಲ್ಲರೂ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ ನಗಬಹುದು. ಆಗಿರದಿದ್ದರೆ?

ನಾಲ್ಕು ಹಾವುಗಳ ನೆಲ

ಸವದತ್ತಿಯ ಸುತ್ತಲಿನ ಭೂಮಿ ಎರಡು ಬಗೆಯದು. ಒಂದು ಕಡೆ ಜೋಳ ಹತ್ತಿ ಬೆಳೆಯುವ ಎರೆಹೊಲಗಳು, ಇನ್ನೊಂದು ಕಡೆ ಕುರುಚಲು ಗಿಡಗಳ ಕಲ್ಲುಗುಡ್ಡಗಳು. ಎಲ್ಲಮ್ಮನ ಗುಡ್ಡ, ಪರಸಗಡ, ಮಲಪ್ರಭೆ ಬೆಟ್ಟವನ್ನು ಸೀಳಿ ಹೊರಡುವ ನವಿಲುತೀರ್ಥ, ಅತ್ತ ಸೊಗಲದ ಜಲಪಾತ, ರಾಮದುರ್ಗದ ಕಡೆಗೆ ಶಬರಿಕೊಳ್ಳ: ರಜೆಯ ದಿನ ನಡೆಯಲು ಹೊರಡುವವರಿಗೆ ಇಲ್ಲಿ ದಾರಿಗಳಿಗೆ ಕೊರತೆಯಿಲ್ಲ. ಹೊಲದಲ್ಲಿ ಕಾಳಿರುವಲ್ಲಿ ಇಲಿ, ಇಲಿಯಿರುವಲ್ಲಿ ಹಾವು. ಬಂಡೆಗಳ ಸಂದಿಯಲ್ಲಿ ಹಲ್ಲಿ, ಓತಿಕ್ಯಾತ, ಚೇಳು. ಅವನ್ನು ತಿನ್ನುವ ಹಾವು ಅಲ್ಲಿಯೂ ಉಂಟು. ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಗುಡ್ಡ ಅವುಗಳ ಮನೆ. ನಡೆಯಲು ಬಂದವರು ಅಲ್ಲಿ ಅತಿಥಿಗಳು.

ಭಾರತದಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣವಾಗುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ನಾಗರ ಹೆಡೆಯೆತ್ತಿ, ಬುಸುಗುಟ್ಟಿ, ತಾನಿರುವುದನ್ನು ತಿಳಿಸುತ್ತದೆ; ಎದುರಿಗಿದ್ದವರು ಸರಿದರೆ ತಾನೂ ಸರಿಯುತ್ತದೆ. ಕಟ್ಟುಹಾವು ರಾತ್ರಿಯ ಜೀವಿ. ಹೊಳೆಯುವ ಕಪ್ಪು ಮೈಮೇಲೆ ಸಣ್ಣ ಬಿಳಿಯ ಪಟ್ಟೆಗಳು. ಅದರ ಕಡಿತದಲ್ಲಿ ನೋವು ಬಹಳ ಕಡಿಮೆ, ಗಾಯದ ಗುರುತೂ ಕಾಣದಿರಬಹುದು. ಕೊಳಕುಮಂಡಲದ ಮೈ ದಪ್ಪ. ಬೆನ್ನಿನ ಮೇಲೆ ಸರಪಳಿಯಂತೆ ಸಾಲಾದ ಕಂದು ಮಚ್ಚೆಗಳು. ಕೆಣಕಿದರೆ ಕುಕ್ಕರಿನ ಆವಿಯಂತೆ ಜೋರಾಗಿ ಸುಯ್ಯೆನ್ನುತ್ತದೆ. ಗರಗಸಮಂಡಲ ಎಲ್ಲಕ್ಕಿಂತ ಚಿಕ್ಕದು. ಗೇಣೆರಡು ಗೇಣಿನ ಪ್ರಾಣಿ. ಒಣ ಕಲ್ಲುನೆಲವೇ ಅದಕ್ಕೆ ಪ್ರಿಯ. ಹಗಲಿನಲ್ಲಿ ಕಲ್ಲಿನಡಿ ಸುಮ್ಮನೆ ಸುರುಳಿಯಾಗಿರುತ್ತದೆ. ಅಪಾಯವೆನಿಸಿದರೆ ಪಕ್ಕೆಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸ ಎಳೆದಂತೆ ಸದ್ದು ಮಾಡುತ್ತದೆ. ಮರುಕ್ಷಣವೇ ಮೇಲೆ ಹಾರಿ ಕಚ್ಚುತ್ತದೆ. ಮಣ್ಣಿನ ಬಣ್ಣದ ಈ ಕಿರಿಯ ಹಾವನ್ನು ಮನುಷ್ಯನ ಕಣ್ಣು ಸುಲಭವಾಗಿ ಗುರುತಿಸಲಾರದು.

ಹಾವಿನ ಕಡಿತ ಹಳ್ಳಿಯ ಬಡವರ ಮೇಲೆ ಎಂಥ ಭಾರವೆಂಬುದನ್ನು ಲೆಕ್ಕಗಳು ಹೇಳುತ್ತವೆ. 2000ದಿಂದ 2019ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಇಂಥ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ವಿಧಿಸಿತು. ಹೊಲದಲ್ಲಿ ದುಡಿಯುವವನು ಈ ಅಪಾಯವನ್ನು ತಪ್ಪಿಸಿಕೊಳ್ಳಲಾರ. ವಿಹಾರಕ್ಕೆ ಬಂದವನು ತಪ್ಪಿಸಿಕೊಳ್ಳಬಲ್ಲ. ತನ್ನ ನಾಯಿಯನ್ನೂ ತಪ್ಪಿಸಬಲ್ಲ.

ಶೌರ್ಯದ ಭ್ರಮೆ

ಮನುಷ್ಯನಿಗೆ ಹಾವು ಕಚ್ಚುವುದು ಹೆಚ್ಚಾಗಿ ಕಾಲಿಗೆ, ಇಲ್ಲವೆ ಕೈಗೆ. ನಾಯಿಗೆ ಕಚ್ಚುವುದು ಹೆಚ್ಚಾಗಿ ಮೂತಿಗೆ, ಇಲ್ಲವೆ ಮುಂಗಾಲಿಗೆ. ಕಾರಣ ಸರಳವಾದುದು. ಮನುಷ್ಯ ಹಾವನ್ನು ಕಾಣದೆ ತುಳಿಯುತ್ತಾನೆ. ನಾಯಿ ಕಂಡು, ಮೂಸಿ, ಬೇಕೆಂದೇ ಹತ್ತಿರ ಹೋಗುತ್ತದೆ. ಮೂಗೇ ಅದರ ಕಣ್ಣು, ಮೂಗೇ ಅದರ ಕೈ. ಅಲುಗಾಡುವುದನ್ನು ಅಟ್ಟಿಸಿಕೊಂಡು ಹೋಗುವುದು ಅದರ ಹುಟ್ಟುಗುಣ. ಅದರಲ್ಲಿಯೂ ನೆರೆಯ ಮುಧೋಳದ ಹೆಸರು ಹೊತ್ತ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಮೂಡಿದ ಬೇಟೆನಾಯಿ ದೃಷ್ಟಿಯಿಂದ ಬೇಟೆಯಾಡುವ ಜಾತಿ. ದೂರದಲ್ಲಿ ಹುಲ್ಲು ಅಲುಗಿದರೆ ಸಾಕು, ಅದು ಬಾಣದಂತೆ ಹೊರಟಿರುತ್ತದೆ.

ಇಷ್ಟು ನಾಯಿಯ ಪಾಲಿನದು. ಯಜಮಾನನ ಪಾಲಿನದೂ ಸ್ವಲ್ಪವುಂಟು. "ನಮ್ಮ ನಾಯಿ ಹಾವು ಹಿಡೀತದ" ಎಂದು ಹೆಮ್ಮೆಯಿಂದ ಹೇಳುವ ಮನೆಗಳು ಎಲ್ಲ ಊರಿನಲ್ಲಿಯೂ ಇವೆ. ಮೊದಲ ಸಲ ಅದು ಕೊಂದದ್ದು ಬಡಪಾಯಿ ಕೇರೆಹಾವಾಗಿರುತ್ತದೆ. ಎಲ್ಲರೂ ಬೆನ್ನು ತಟ್ಟುತ್ತಾರೆ, ಆ ದಿನ ಹಾಲು ಹೆಚ್ಚು ಸಿಗುತ್ತದೆ. ನಾಯಿ ಕಲಿಯುವ ಪಾಠ ಒಂದೇ: ಹಾವನ್ನು ಹಿಡಿದರೆ ಯಜಮಾನನಿಗೆ ಸಂತೋಷ. ಎರಡನೆಯ ಸಲ ಎದುರಾದದ್ದು ಕೇರೆಯೋ ಕೊಳಕುಮಂಡಲವೋ ಎಂದು ನಾಯಿ ವಿಚಾರಿಸುವುದಿಲ್ಲ.

ಈ ಹೆಮ್ಮೆ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಸುಮಾರಿನ ಒಂದು ಶಾಸನವಿತ್ತು. ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮಣಲೆರನೆಂಬ ವೀರ ಮೆಚ್ಚುಗೆಯಾಗಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ, ಹಂದಿಯೂ ಅದೂ ಜೊತೆಗೆ ಸತ್ತವು. ಅದರ ನೆನಪಿಗೆ ಒಡೆಯ ಕಲ್ಲು ನಿಲ್ಲಿಸಿದ. ನಾಯಿಯ ಪ್ರೀತಿಗೆ ಇದಕ್ಕಿಂತ ಗೌರವದ ಸ್ಮಾರಕ ದೊರೆಯುವುದು ಕಷ್ಟ. ಆದರೆ ಕಾಳಿ ಬೇಟೆಯ ನಾಯಿ. ಅದು ಬೇರೆಯ ಕಾಲ. ಇಂದು ಮಕ್ಕಳೊಡನೆ ಸೋಫಾದ ಮೇಲೆ ಮಲಗುವ ನಾಯಿಗೆ ಬೇಕಾದದ್ದು ವೀರಗಲ್ಲಲ್ಲ, ದೀರ್ಘಾಯುಷ್ಯ.

ಮಗುವನ್ನು ಹಾವಿನಿಂದ ಕಾಪಾಡಿದ ಪಂಚತಂತ್ರದ ಮುಂಗುಸಿಯನ್ನು ಕೆಲವರು ನೆನೆಯಬಹುದು. ಮುಂಗುಸಿಗೆ ಪ್ರಕೃತಿ ಒಂದು ಕವಚವನ್ನು ಕೊಟ್ಟಿದೆ. ನಾಗರದ ನರವಿಷ ಹೋಗಿ ಅಂಟಿಕೊಳ್ಳುವ ಸ್ಥಾನದ ರಚನೆಯೇ ಅದರ ಸ್ನಾಯುಗಳಲ್ಲಿ ಬೇರೆಯಾಗಿರುವುದರಿಂದ ವಿಷ ಅಲ್ಲಿ ಸುಲಭವಾಗಿ ಹಿಡಿಯದು. ನಾಯಿಗೆ ಅಂಥ ಯಾವ ಕವಚವೂ ಇಲ್ಲ.

ಪರದೇಶದ ಪಾಠಶಾಲೆ

ಅಮೆರಿಕದ ಕ್ಯಾಲಿಫೋರ್ನಿಯ, ಅರಿಜೋನ, ಟೆಕ್ಸಸ್ ಪ್ರಾಂತಗಳಲ್ಲಿ ನಾಯಿಯೊಡನೆ ಬೆಟ್ಟ ಹತ್ತುವುದು ದೊಡ್ಡ ಹವ್ಯಾಸ; ಅಲ್ಲಿ ಗಿಲಕಿಹಾವಿನ ಕಾಟವೂ ಹೆಚ್ಚು. ಹೀಗಾಗಿ ನಾಯಿಗೆ ಹಾವನ್ನು ಕಂಡರೆ ದೂರ ಸರಿಯುವಂತೆ ಕಲಿಸುವ ಶಾಲೆಗಳು ಅಲ್ಲಿ ಹುಟ್ಟಿಕೊಂಡಿವೆ. ಬಾಯಿ ಕಟ್ಟಿದ ಇಲ್ಲವೆ ಪಂಜರದಲ್ಲಿಟ್ಟ ಜೀವಂತ ಹಾವಿನ ಬಳಿಗೆ ನಾಯಿಯನ್ನು ಕರೆದೊಯ್ಯುತ್ತಾರೆ. ಅದು ಮೂಸಲು ಮೂತಿ ಚಾಚಿದ ಕ್ಷಣದಲ್ಲಿ ಅದರ ಕೊರಳಪಟ್ಟಿಯಿಂದ ವಿದ್ಯುತ್ತಿನ ಸಣ್ಣ ಆಘಾತ ಕೊಡುತ್ತಾರೆ. ಹಾವಿನ ವಾಸನೆ, ರೂಪ, ಸದ್ದು ಮೂರನ್ನೂ ನಾಯಿ ನೋವಿನೊಡನೆ ಜೋಡಿಸಿಕೊಂಡು ಮುಂದೆ ದೂರದಿಂದಲೇ ಹೊರಳುತ್ತದೆಂಬುದು ಇದರ ತತ್ತ್ವ. ಪಾಠ ಕಾಲಕ್ರಮದಲ್ಲಿ ಮಾಸುವುದರಿಂದ ಅದನ್ನು ಮತ್ತೆ ಮತ್ತೆ ಮಾಡಿಸುವುದೂ ಉಂಟು.

ಈ ಪದ್ಧತಿಯನ್ನು ಇಲ್ಲಿ ಅನುಕರಿಸಲು ಹೊರಡುವುದು ವಿವೇಕವಲ್ಲ. ಮೊದಲನೆಯದಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಾವುಗಳಿಗೆ ರಕ್ಷಣೆ ಕೊಟ್ಟಿದೆ. ನಾಯಿಗೆ ಪಾಠ ಹೇಳಲೆಂದು ನಾಗರವನ್ನೋ ಮಂಡಲವನ್ನೋ ಹಿಡಿದಿಡುವುದು ಅಪರಾಧ. ಹಾವಾಡಿಗನಿಗೆ ಹಣ ಕೊಟ್ಟು ತರಿಸಿದರೂ ಅಷ್ಟೇ. ಎರಡನೆಯದಾಗಿ, ನೋವಿನ ಪಾಠ ಯಾವಾಗಲೂ ಉದ್ದೇಶಿಸಿದ ಕಡೆಗೇ ಹೋಗುತ್ತದೆಂಬ ಭರವಸೆಯಿಲ್ಲ. ಆಘಾತವಾದ ಕ್ಷಣದಲ್ಲಿ ನಾಯಿ ಪಕ್ಕದ ಮಗುವನ್ನು ನೋಡುತ್ತಿದ್ದರೆ, ಅದು ಹೆದರಲು ಕಲಿಯುವುದು ಹಾವಿಗಲ್ಲ, ಮಗುವಿಗೆ. ಇಂಥ ಕಾರಣಗಳಿಂದಲೇ ಬ್ರಿಟನ್ನಿನ ವೇಲ್ಸ್ ಪ್ರಾಂತ 2010ರಲ್ಲಿ ವಿದ್ಯುತ್ ಕೊರಳಪಟ್ಟಿಗಳನ್ನು ನಿಷೇಧಿಸಿತು. ಮೂರನೆಯದಾಗಿ, ಅಲ್ಲಿಯ ಹಾವು ಗಿಲಕಿ ಬಾರಿಸಿ ಎಚ್ಚರಿಸುವುದುಂಟು. ಇಲ್ಲಿಯ ನಾಲ್ಕರಲ್ಲಿ ಒಂದೊಂದರ ರೂಪ, ಒಂದೊಂದರ ನಡೆ ಬೇರೆ.

ಆದುದರಿಂದ ಇಲ್ಲಿಯ ನಾಯಿಗೆ ಹಾವಿನ ಶಾಸ್ತ್ರವನ್ನು ಕಲಿಸಬೇಕಾಗಿಲ್ಲ. ಎರಡು ಮಾತುಗಳನ್ನು ಕಲಿಸಿದರೆ ಸಾಕು: "ಬಿಡು" ಮತ್ತು "ಬಾ".

ಅಂಗಳದ ಪಾಠ

"ಬಿಡು" ಎಂಬುದನ್ನು ಮನೆಯೊಳಗೇ ಆರಂಭಿಸಬೇಕು. ಮುಷ್ಟಿಯಲ್ಲಿ ಜೋಳದ ರೊಟ್ಟಿಯ ಚೂರನ್ನು ಹಿಡಿದು ನಾಯಿಯ ಮುಂದೆ ಚಾಚಬೇಕು. ಅದು ಮೂಸುತ್ತದೆ, ನೆಕ್ಕುತ್ತದೆ, ಕೆರೆಯುತ್ತದೆ. ಮುಷ್ಟಿ ಬಿಚ್ಚಬಾರದು, ಗದರಲೂಬಾರದು. ಬೇಸತ್ತು ಅದು ಮೂತಿಯನ್ನು ಹಿಂದಕ್ಕೆಳೆದ ಕೂಡಲೆ "ಬಿಡು" ಎಂದು ಹೇಳಿ, ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದುದನ್ನು, ಬೇಯಿಸಿದ ಮೊಟ್ಟೆಯ ಚೂರನ್ನೋ ಪನೀರನ್ನೋ, ಕೊಡಬೇಕು. ನಾಲ್ಕು ದಿನಗಳಲ್ಲಿ ನಾಯಿಗೆ ಗುಟ್ಟು ತಿಳಿಯುತ್ತದೆ: ಮುಂದಿರುವುದನ್ನು ಬಿಟ್ಟರೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ. ಆ ಮೇಲೆ ತಿಂಡಿಯನ್ನು ನೆಲದ ಮೇಲಿಟ್ಟು, ಹಗ್ಗ ಹಿಡಿದು ಅದರ ಪಕ್ಕದಲ್ಲಿ ನಡೆಸಬೇಕು. ನೆಲದ ಮೇಲಿನದನ್ನು ಅದಕ್ಕೆ ಎಂದೂ ಕೊಡಬಾರದು. ಬಹುಮಾನ ಯಾವಾಗಲೂ ಕೈಯಿಂದ ಬರಬೇಕು.

"ಬಾ" ಎಂಬ ಮಾತಿಗೆ ಒಂದು ವ್ರತವುಂಟು. ಕರೆದು ಬಯ್ಯಬಾರದು, ಕರೆದು ಹೊಡೆಯಬಾರದು. ಚಪ್ಪಲಿ ಕಚ್ಚಿದ ನಾಯಿಯನ್ನು "ಬಾ ಇಲ್ಲಿ" ಎಂದು ಕರೆದು ಏಟು ಕೊಟ್ಟ ಯಜಮಾನ, ಗುಡ್ಡದ ಮೇಲೆ ಕರೆದಾಗ ಅದು ಬಾರದಿದ್ದರೆ ಯಾರನ್ನು ದೂರಬೇಕು? ಅದರಂತೆಯೇ ಆಟ ಮುಗಿಸಿ ಮನೆಗೆ ಕಟ್ಟಿಹಾಕಲು ಮಾತ್ರ ಕರೆಯುವುದೂ ತಪ್ಪು. ದಿನಕ್ಕೆ ಹತ್ತು ಸಲ ಕಾರಣವಿಲ್ಲದೆ ಕರೆದು, ಬಂದಾಗ ತಲೆ ಸವರಿ, ಚೂರು ತಿಂಡಿ ಕೊಟ್ಟು, ಮತ್ತೆ ಆಡಲು ಬಿಡಬೇಕು. ಕರೆ ಬಂತೆಂದರೆ ಒಳ್ಳೆಯದಾಯಿತು ಎಂಬ ನಂಬಿಕೆ ಅದರ ಮನಸ್ಸಿನಲ್ಲಿ ಬೇರೂರಬೇಕು.

ಇವೆರಡೂ ಗಟ್ಟಿಯಾದ ಮೇಲೆ ಮಕ್ಕಳ ಅಂಗಡಿಯಿಂದ ಒಂದು ರಬ್ಬರಿನ ಹಾವನ್ನು ತರಬಹುದು. ಮನೆಯವರಲ್ಲಿ ಒಬ್ಬರು ಅದನ್ನು ಅಂಗಳದ ಮೂಲೆಯಲ್ಲಿ ಅರ್ಧ ಹುಲ್ಲಿನಲ್ಲಿ ಮರೆಮಾಡಬೇಕು. ಇನ್ನೊಬ್ಬರು ಗಿಡ್ಡ ಹಗ್ಗದಲ್ಲಿ ನಾಯಿಯನ್ನು ಆ ಕಡೆ ನಡೆಸಬೇಕು. ನಾಯಿ ಕಿವಿ ನಿಮಿರಿಸಿದ ಕ್ಷಣವೇ, ಅಂದರೆ ಹತ್ತಿರ ಹೋಗುವ ಮುಂಚೆಯೇ, "ಬಿಡು, ಬಾ" ಎಂದು ಹೇಳಿ ತಾವು ಹಿಂದಕ್ಕೆ ನಾಲ್ಕು ಹೆಜ್ಜೆ ಓಡಬೇಕು. ನಾಯಿ ತಿರುಗಿ ಬಂದಾಗ ಬಹುಮಾನ. ದಿನವೂ ಸ್ಥಳ ಬದಲಾಗಲಿ. ಕೆಲವು ದಿನ ದಾರವೊಂದನ್ನು ಕಟ್ಟಿ ರಬ್ಬರಿನ ಹಾವನ್ನು ಎಳೆದು ಅಲುಗಿಸಬಹುದು. ದಿನಕ್ಕೆ ಹತ್ತು ನಿಮಿಷ ಸಾಕು. ಕೆಲವು ವಾರಗಳಲ್ಲಿ ಎಷ್ಟೋ ನಾಯಿಗಳು ಅಂಥ ವಸ್ತುವನ್ನು ಕಂಡೊಡನೆ ಕರೆಗೂ ಕಾಯದೆ ಯಜಮಾನನ ಮುಖ ನೋಡಲು ಕಲಿಯುತ್ತವೆ. ರಬ್ಬರಿಗೆ ಹಾವಿನ ವಾಸನೆಯಿಲ್ಲ, ಆದುದರಿಂದ ಈ ಪಾಠ ಪೂರ್ಣವೆಂದು ಯಾರೂ ಭಾವಿಸಬಾರದು. ಆದರೆ ಕರೆಗೆ ತಿರುಗುವ ಅಭ್ಯಾಸ ನಿಜವಾದದ್ದು. ಗುಡ್ಡದ ಮೇಲೆ ಪ್ರಯೋಜನಕ್ಕೆ ಬರುವುದು ಅದೇ.

ಗುಡ್ಡದ ಮೇಲೆ

ಎಷ್ಟು ಕಲಿತ ನಾಯಿಯಾದರೂ ಕಲ್ಲುದಾರಿಯಲ್ಲಿ ಹಗ್ಗ ಬಿಚ್ಚಬಾರದು. ಹಗ್ಗ ಎರಡು ಮೀಟರಿಗಿಂತ ಉದ್ದವಿರದಿದ್ದರೆ ಒಳ್ಳೆಯದು. ಕಾಲುದಾರಿಯ ನಡುವೆಯೇ ನಡೆಯಬೇಕು. ಹುಲ್ಲಿನ ಅಂಚು, ಕಲ್ಲುರಾಶಿ, ಕೋಟೆಗೋಡೆಯ ಬಿರುಕು, ಹುತ್ತ ಇವುಗಳ ಬಳಿ ನಾಯಿಗೆ ಕೆಲಸವಿಲ್ಲ. ಮುಂದೆ ದೊಡ್ಡವರು, ಹಿಂದೆ ನಾಯಿ. ಕಾಲಿಗೆ ಹಣೆಗಂಟನ್ನು ಮುಚ್ಚುವ ಬೂಟು, ಕೈಯಲ್ಲಿ ಕೋಲು. ನೆಲದ ಅದುರನ್ನು ಹಾವು ಬೇಗ ತಿಳಿಯುತ್ತದೆ. ಗಟ್ಟಿಯಾಗಿ ಹೆಜ್ಜೆಯಿಟ್ಟರೆ ಬಹಳ ಹಾವುಗಳು ತಾವಾಗಿ ಸರಿಯುತ್ತವೆ. ಮಂಡಲಗಳು ಮಾತ್ರ ಸರಿಯದೆ ಬಿದ್ದುಕೊಂಡಿರುವುದುಂಟು, ಆದುದರಿಂದ ಕಣ್ಣು ನೆಲದ ಮೇಲಿರಲಿ. ಮಳೆಗಾಲದಲ್ಲಿ ಹಾವುಗಳ ಓಡಾಟ ಹೆಚ್ಚು. ಕತ್ತಲಾಗುವ ಮೊದಲು ಕೆಳಗಿಳಿಯುವುದು ಕ್ಷೇಮ. ತಡವಾದರೆ ಟಾರ್ಚು ಬೇಕೇ ಬೇಕು.

ಹಾವು ಕಂಡರೆ ನಿಂತು, ನಾಯಿಯನ್ನು ಕರೆದುಕೊಂಡು, ಬಂದ ದಾರಿಯಲ್ಲಿಯೇ ಹಿಂದೆ ಸರಿಯಬೇಕು. ಕಲ್ಲೆಸೆಯುವುದು, ಕೋಲಿನಿಂದ ಕೆಣಕುವುದು, ಹತ್ತಿರ ಹೋಗಿ ಚಿತ್ರ ತೆಗೆಯುವುದು ಇವೆಲ್ಲ ಹಾವನ್ನು ಕಚ್ಚುವಂತೆ ಮಾಡುವ ಉಪಾಯಗಳು. ಎಲ್ಲಕ್ಕಿಂತ ಮುಖ್ಯವಾದುದನ್ನು ಮಕ್ಕಳಿಗೆ ಮೊದಲೇ ಹೇಳಿರಬೇಕು: ನಾಯಿ ಹಾವಿನ ಬಳಿ ಸಿಕ್ಕಿಕೊಂಡರೂ ಅದರ ಕಡೆಗೆ ಓಡಬಾರದು. ನಾಯಿಯನ್ನು ಬಿಡಿಸಲು ಚಾಚಿದ ಕೈಗೂ ಹಾವು ಭೇದವೆಣಿಸದೆ ಕಚ್ಚುತ್ತದೆ.

ಆಗಬಾರದ್ದು ಆದರೆ

ಮೂತಿಯೋ ಕಾಲೋ ಇದ್ದಕ್ಕಿದ್ದಂತೆ ಊದುವುದು, ಗಾಯದಿಂದಲೋ ವಸಡಿನಿಂದಲೋ ರಕ್ತ ನಿಲ್ಲದೆ ಒಸರುವುದು, ಮೂತ್ರ ಕೆಂಪಾಗುವುದು ಇವು ಮಂಡಲಗಳ ವಿಷದ ಲಕ್ಷಣಗಳು. ಜೊಲ್ಲು ಸುರಿಯುವುದು, ರೆಪ್ಪೆ ಜೋಲುವುದು, ಹಿಂಗಾಲು ತಡವರಿಸುವುದು, ಉಸಿರು ಕಟ್ಟುವುದು ನಾಗರ ಮತ್ತು ಕಟ್ಟುಹಾವಿನ ಲಕ್ಷಣಗಳು. ರಾತ್ರಿ ಅಂಗಳದಲ್ಲಿ ಮಲಗಿದ್ದ ನಾಯಿ ಬೆಳಿಗ್ಗೆ ಏಳಲಾರದೆ ಹೋದರೆ, ಗಾಯ ಕಾಣದಿದ್ದರೂ, ಕಟ್ಟುಹಾವಿನ ಸಂದೇಹವಿರಲಿ.

ಹೀಗಾದಾಗ ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಬೇಕು. ಓಡಾಟದಿಂದ ವಿಷ ಬೇಗ ಹರಡುತ್ತದೆ. ಊತ ಬಂದರೆ ಉಸಿರು ಬಿಗಿಯದಂತೆ ಕೊರಳಪಟ್ಟಿಯನ್ನು ಬಿಚ್ಚಬೇಕು. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂಜುಗಡ್ಡೆ ಇಡುವುದು, ನಾಟಿಮದ್ದು ಕುಡಿಸುವುದು ಯಾವುದೂ ಬೇಡ. ಹಾವನ್ನು ಕೊಂದು ಒಯ್ಯುವ ಅಗತ್ಯವೂ ಇಲ್ಲ. ಇಲ್ಲಿಯ ಪ್ರತಿವಿಷ ನಾಲ್ಕೂ ಹಾವುಗಳಿಗೆ ಸೇರಿ ತಯಾರಾದುದು. ತಮಿಳುನಾಡಿನಲ್ಲಿ 1978ರಲ್ಲಿ ಆರಂಭವಾದ ಇರುಳರ ಸಹಕಾರ ಸಂಘದವರು ಹಾವುಗಳಿಂದ ತೆಗೆದ ವಿಷವನ್ನು ಸ್ವಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ನಿರೋಧಕಗಳಿಂದ ಈ ಔಷಧಿಯನ್ನು ಮಾಡುತ್ತಾರೆ. ಮನುಷ್ಯರಿಗೆ ಕೊಡುವ ಈ ಔಷಧಿಯನ್ನೇ ಪಶುವೈದ್ಯರು ನಾಯಿಗೂ ಕೊಡುತ್ತಾರೆ. ನಾಯಿ ಚಿಕ್ಕದೆಂದು ಪ್ರಮಾಣ ಕಡಿಮೆಯಾಗದು; ಹಾವು ಎದುರಿಗಿರುವವನ ತೂಕ ನೋಡಿ ವಿಷ ಅಳೆದು ಹಾಕುವುದಿಲ್ಲ. ಈ ಔಷಧಿ ಎಲ್ಲ ಚಿಕಿತ್ಸಾಲಯಗಳಲ್ಲಿಯೂ ಇರುವುದಿಲ್ಲವಾದುದರಿಂದ, ಮನೆಯಿಂದ ಹೊರಡುವ ಮುಂಚೆಯೇ ಹತ್ತಿರದ ಪಶುವೈದ್ಯರು ಯಾರು, ಅವರಲ್ಲಿ ಔಷಧಿ ಉಂಟೇ ಎಂದು ದೂರವಾಣಿಯಲ್ಲಿ ವಿಚಾರಿಸಿಕೊಳ್ಳುವುದು ಬುತ್ತಿ ಕಟ್ಟುವಷ್ಟೇ ಮುಖ್ಯವಾದ ಕೆಲಸ.

ಈಗ ಮತ್ತೆ ಆ ಭಾನುವಾರದ ಕಲ್ಲುದಾರಿಗೆ ಮರಳಬಹುದು. ನಾಯಿ ಸಂದಿಯ ಮುಂದೆ ನಿಂತು ಕಿವಿ ನಿಮಿರಿಸಿದೆ. ತಂದೆ ಗಾಬರಿಯಿಲ್ಲದ ದನಿಯಲ್ಲಿ "ಬಿಡು, ಬಾ" ಎನ್ನುತ್ತಾರೆ. ನಾಯಿ ಒಂದು ಕ್ಷಣ ಸಂದಿಯನ್ನು ನೋಡುತ್ತದೆ, ಒಂದು ಕ್ಷಣ ಯಜಮಾನನನ್ನು ನೋಡುತ್ತದೆ. ಆ ಮೇಲೆ ತಿರುಗಿ ಅವರ ಕಾಲ ಬಳಿ ಬಂದು ಕುಳಿತು ಮೊಟ್ಟೆಯ ಚೂರಿಗಾಗಿ ಮುಖ ಎತ್ತುತ್ತದೆ. ಹುಡುಗ ಇದ್ದಲ್ಲಿಯೇ ನಿಂತಿದ್ದಾನೆ. ಇಳಿಜಾರಿನಿಂದ ಮುದುಕ ನೋಡುತ್ತಾನೆ.

"ಛಲೋ ಕಲಿಸೀರಿ ಬಿಡ್ರಿ, ಸಾಹೇಬ್ರ" ಎಂದು ಹೇಳಿ, ಕುರಿಗಳನ್ನು ಆ ಬಂಡೆಯಿಂದ ದೂರ ಹೊಡೆದುಕೊಂಡು ಹೋಗುತ್ತಾನೆ.

ಸಂದಿಯಲ್ಲಿ ಇದ್ದದ್ದೇನೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯಬೇಕಾದ ಅಗತ್ಯವೂ ಬೀಳಲಿಲ್ಲ.